ಓಡದೆ ಹಳತಾದ ಸೈಕಲ್ಲುಗಳು

ಭಾನುವಾರ ಬೆಳಗ್ಗೆ ಆರೂವರೆ ಹೊತ್ತಿಗೆ ನಂದಿ ಬೆಟ್ಟದ ಬುಡಕ್ಕೆ ಬಂದು ನಿಂತರೆ ಬೆಂಗಳೂರಿನಲ್ಲಿ ಎಷ್ಟು ಬಗೆಯ ರೋಡ್ ಬೈಕುಗಳಿವೆಯೋ ಅಷ್ಟೂ ಒಂದೇ ಕಡೆ ನೋಡಲು ಸಿಗುತ್ತವೆ. ಹೆಬ್ಬಾಳ, ಯಲಹಂಕ, ದೇವನಹಳ್ಳಿ ದಾಟಿ ಕತ್ತಲಲ್ಲೇ ಐವತ್ತು ಅರವತ್ತು ಕಿಲೋಮೀಟರ್ ತುಳಿದು ಬಂದವರು ಗೋಡೆಗೋ ಮರಕ್ಕೋ ಸೈಕಲ್ ಒರಗಿಸಿ ಬಾಳೆಹಣ್ಣು ಸುಲಿಯುತ್ತಿರುತ್ತಾರೆ. ಕಾರಿನ ಹಿಂದೆ ಕಟ್ಟಿಕೊಂಡು ಬಂದವರೂ ಇದ್ದಾರೆ. ಅವರ ಜರ್ಸಿ ಇನ್ನೂ ಗರಿಗರಿ. ಟ್ರೈಬನ್, ಮೆರಿಡಾ, ಸ್ಕಾಟ್, ಟ್ರೆಕ್, ಜಯಂಟ್, ನಡುವೆ ಅಲ್ಲೊಂದು ಇಲ್ಲೊಂದು ಬಿಯಾಂಕಿಯ ತಿಳಿ ನೀಲಿಹಸಿರು. ಇಲ್ಲಿಂದ ಮೇಲಕ್ಕೆ ಏಳೆಂಟು ಕಿಲೋಮೀಟರ್ ಬರೀ ಏರು. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್.

ಜೊತೆಗಿರುವವಳು ಅಕ್ಕನ ಮಗಳು. ಕಾಲೇಜಿನ ತನಕ ಲೇಡಿಬರ್ಡ್ ತುಳಿದವಳಿಗೆ ಈಗ ಬಾಗಿದ ಹ್ಯಾಂಡಲ್ಲಿನ ಸೈಕಲ್ಲೇ ಬೇಕಂತೆ. ಕೈಯಲ್ಲಿರುವುದು 35 ಸಾವಿರ. ಹೊಸದಕ್ಕೆ ಹೋದರೆ ನೆಚ್ಚಬಹುದಾದ ರೋಡ್ ಬೈಕು ಅರ್ಧ ಲಕ್ಷದ ಆಚೆಗೇ ಶುರು. ಹೆಲ್ಮೆಟ್ಟು, ಪಂಪು, ದೀಪದ ಖರ್ಚು ಬೇರೆ. ಹಾಗಾಗಿ ಸೆಕೆಂಡ್ ಹ್ಯಾಂಡ್. ಮೊಬೈಲಿನಲ್ಲಿ ಒಂದು ರಾಶಿ ಫೋಟೊ ಕೂಡಿಟ್ಟಿದ್ದಾಳೆ. ಎಲ್ಲವೂ ಕೆಂಪು ಇಲ್ಲವೇ ಕಪ್ಪು, ಎಲ್ಲದರ ಕೆಳಗೂ ‘ಹೊಸದರಂತಿದೆ’ ಎಂಬ ಒಕ್ಕಣೆ. ಫೋಟೊದಲ್ಲಿ ಯಾವ ಸೈಕಲ್ ತಾನೇ ಚೆನ್ನಾಗಿ ಕಾಣುವುದಿಲ್ಲ? ಅದಕ್ಕೇ ಮೊದಲು ಇಲ್ಲಿಗೆ ಕರೆತಂದದ್ದು. ಇಲ್ಲಿ ಸೈಕಲ್ಲಿನ ಜೊತೆ ಅದನ್ನು ತುಳಿಯುವವರೂ ಸಿಗುತ್ತಾರೆ. ಕೇಳಿದರೆ ಬಾಯಿತುಂಬ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ.

‘ಯಾವ ಕಂಪನಿದು ಚೆನ್ನಾಗಿರುತ್ತೆ ಮಾಮ?’ ಎಂದಳು. ಕಂಪನಿ ಆಮೇಲೆ, ಮೊದಲು ಹಲ್ಲು ಎಣಿಸು ಎಂದೆ. ಎಣಿಸುವ ಕಷ್ಟವೂ ಇಲ್ಲ, ಪೆಡಲಿನ ಪಕ್ಕದ ಎರಡು ಹಲ್ಲುಚಕ್ರಗಳ ಮೇಲೆ ಸಂಖ್ಯೆ ಕೊರೆದೇ ಇರುತ್ತದೆ. 53 ಮತ್ತು 39 ಎಂದಿದ್ದರೆ ಅದು ರೇಸಿನವರ ಜೋಡಿ. 50 ಮತ್ತು 34 ಎಂದಿದ್ದರೆ ಕಾಂಪ್ಯಾಕ್ಟ್, ನಮ್ಮಂಥವರದ್ದು. ಹಿಂದಿನ ಗಾಲಿಯ ಕ್ಯಾಸೆಟ್ಟಿನಲ್ಲಿ ಅತಿ ದೊಡ್ಡ ಚಕ್ರಕ್ಕೆ ಹಳೇ ರೇಸ್ ಸೈಕಲ್ಲಿನಲ್ಲಿ 25 ಹಲ್ಲು, ಈಚಿನವುಗಳಲ್ಲಿ 28, 30, 32. ಲೆಕ್ಕ ಸರಳ. ಮುಂದೆ 39, ಹಿಂದೆ 25 ಇದ್ದರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಗಾಲಿ ಒಂದೂವರೆ ಸುತ್ತಿಗಿಂತ ಹೆಚ್ಚು ತಿರುಗಬೇಕು. 34ಕ್ಕೆ 32 ಆದರೆ ಒಂದು ಸುತ್ತಿಗೆ ಒಂದು ಚೂರು ಹೆಚ್ಚು, ಅಷ್ಟೆ. ಏರಿನಲ್ಲಿ ಕಾಲಿನ ಮೇಲೆ ಬೀಳುವ ಭಾರ ಸುಮಾರು ಮೂರನೇ ಒಂದು ಪಾಲು ಇಳಿಯಿತು. ನಾವು ನೋಡುತ್ತಿದ್ದಂತೆಯೇ ಚಿನ್ನದ ಬಣ್ಣದ ಚೈನು ಹಾಕಿಕೊಂಡ, ಲಕ್ಷಕ್ಕೆ ಕಡಿಮೆಯಿಲ್ಲದ ಸೈಕಲ್ಲೊಂದು ಮೊದಲ ತಿರುವಿನಲ್ಲೇ ನಿಂತಿತು. ಸವಾರ ಇಳಿದು ತಳ್ಳತೊಡಗಿದರು. ಅವರ ಪಕ್ಕದಲ್ಲೇ ಹಳೇ ಅಲ್ಯೂಮಿನಿಯಂ ಸೈಕಲ್ಲಿನ ಹುಡುಗನೊಬ್ಬ ಕುಳಿತಲ್ಲೇ ಕಾಲು ತಿರುವುತ್ತ, ಹಾಡು ಕೇಳಿಕೊಂಡು ಹತ್ತಿಹೋದ.

ಗೇರುಗಳ ಜಾತಿಯನ್ನೂ ಅಲ್ಲೇ ಹೇಳಿಕೊಟ್ಟದ್ದಾಯಿತು. ಶಿಮಾನೊದವರ ಏಣಿ ಹೀಗಿದೆ: ಕ್ಲಾರಿಸ್ ಎಂಟು ಸ್ಪೀಡು, ಸೋರಾ ಒಂಬತ್ತು, ಟಿಯಾಗ್ರಾ ಹತ್ತು, ಅದರ ಮೇಲೆ 105, ಅಲ್ಟೆಗ್ರಾ, ಡ್ಯೂರಾ ಏಸ್. ಕಲಿಯುವವರಿಗೆ ಕ್ಲಾರಿಸ್ ಧಾರಾಳ ಸಾಕು. ಮೇಲಕ್ಕೆ ಹೋದಂತೆ ಚೈನು, ಕ್ಯಾಸೆಟ್ಟು ಎರಡರ ಬೆಲೆಯೂ ಏರುತ್ತದೆ, ಸವೆಯುವುದೇನೂ ನಿಧಾನವಾಗುವುದಿಲ್ಲ. ಸೈಕಲ್ಲಿನ ವಯಸ್ಸು ತಿಳಿಯಲು ಇನ್ನೊಂದು ಗುರುತಿದೆ. ಕ್ಲಾರಿಸ್ ಮತ್ತು ಸೋರಾಗಳಲ್ಲಿ ಗೇರಿನ ಕೇಬಲ್ಲು ಬ್ರೇಕ್ ಲಿವರಿನ ಒಳಮೈಯಿಂದ ಹೊರಕ್ಕೆ ಚಾಚಿಕೊಂಡು ಬಂದಿದ್ದರೆ ಅದು ಹಳೆಯ ಮಾದರಿ. ಹ್ಯಾಂಡಲ್ಲಿನ ಟೇಪಿನಡಿ ಅಡಗಿದ್ದರೆ 2016-17ರ ನಂತರ ಬಂದ ಮಾದರಿ. ‘2019ರಲ್ಲಿ ತಗೊಂಡಿದ್ದು’ ಎಂದು ಬರೆದಿದ್ದ ಒಂದು ಫೋಟೊವನ್ನು ಹಿಗ್ಗಿಸಿ ನೋಡಿದಳು. ಕೇಬಲ್ಲು ಹೊರಗಿತ್ತು. ಅದನ್ನು ಪಟ್ಟಿಯಿಂದ ತೆಗೆದಳು.

ಅಳತೆಯನ್ನು ಹಿಂದಿನ ರಾತ್ರಿಯೇ ತೆಗೆದಿದ್ದೆವು. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಸೀಟಿನಂತೆ ಮೇಲಕ್ಕೆ ಒತ್ತಿಹಿಡಿದು, ನೆಲದಿಂದ ಅದರ ಅಂಚಿಗೆ ಟೇಪು ಹಿಡಿದರೆ ಆಯಿತು. 74 ಸೆಂಟಿಮೀಟರ್ ಬಂತು. ಟೂರ್ ದ ಫ್ರಾನ್ಸ್ ಮೂರು ಸಲ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಬಳಕೆಗೆ ತಂದ ಲೆಕ್ಕದಂತೆ ಇದನ್ನು 0.883ರಿಂದ ಗುಣಿಸಿದರೆ ಪೆಡಲಿನ ಕೈಗಳು ತಿರುಗುವ ನಡು ಅಚ್ಚಿನಿಂದ ಸೀಟಿನ ಮೇಲ್ಮೈಗೆ ಇರಬೇಕಾದ ದೂರ, ಅಂದರೆ 65 ಸೆಂಟಿಮೀಟರಿಗೆ ತುಸು ಮೇಲೆ. 0.67ರಿಂದ ಗುಣಿಸಿದರೆ ಫ್ರೇಮಿನ ಅಳತೆ, 49-50. ಒಂದು ಕಂಪನಿಯ 50 ಇನ್ನೊಂದರ 52ಕ್ಕೆ ಸಮನಾಗಿರುವುದುಂಟು, ಆದ್ದರಿಂದ ಇದು ಕಣ್ಣಂದಾಜಿಗೆ ಒಂದು ಗಡಿಯಷ್ಟೆ. ಆದರೂ ಈ ಗಡಿ ಹಾಕಿಕೊಂಡ ಮೇಲೆ ಅವಳ ಪಟ್ಟಿಯಲ್ಲಿ ಉಳಿದವು ಬೆರಳೆಣಿಕೆಯಷ್ಟು. ಹಳೇ ಸೈಕಲ್ಲಿನ ಮಾರುಕಟ್ಟೆಯಲ್ಲಿ 54, 56 ಬೇಕಾದಷ್ಟಿವೆ. ಎತ್ತರ ಕಡಿಮೆ ಇರುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಹೊಂದುವುದು ಬೇಗ ಸಿಗುವುದಿಲ್ಲ.

ಬೆಟ್ಟ ಹತ್ತುವ ಕಾರ್ಯಕ್ರಮವಿರಲಿಲ್ಲ. ತಟ್ಟೆ ಇಡ್ಲಿ ತಿಂದು ಊರಿಗೆ ತಿರುಗಿದೆವು.

ನೋಡಲು ಹೋದ ಸೈಕಲ್ಲುಗಳಲ್ಲಿ ಮೊದಲನೆಯದು ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟೊಂದರ ಒಂಬತ್ತನೇ ಮಹಡಿಯಲ್ಲಿ. ಕಾರ್ಬನ್ ಫ್ರೇಮು, ಡಿಸ್ಕ್ ಬ್ರೇಕು, 105. ಹೇಳಿದ ಬೆಲೆ 60 ಸಾವಿರ. ನಮ್ಮ ಕೈಗೆ ಎಟುಕುವುದಲ್ಲ. ಆದರೆ ಮಾರುವವರು ‘ಬನ್ನಿ, ಮಾತಾಡೋಣ’ ಎಂದಿದ್ದರು, ಇವಳಿಗೂ ಕಾರ್ಬನ್ನನ್ನು ಮುಟ್ಟಿ ನೋಡುವ ಆಸೆ. ಓಡಿರುವುದು ಬರೀ 400 ಕಿಲೋಮೀಟರ್ ಎಂದು ಮೊಬೈಲಿನಲ್ಲಿ ಸವಾರಿಯ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್ ತೆರೆದು ತೋರಿಸಿದರು. ಸುಳ್ಳೇನಲ್ಲ, ರಸ್ತೆಯ ಮೇಲೆ ಓಡಿದ್ದು ಅಷ್ಟೇ.

ಆದರೆ ಸೈಕಲ್ ನಿಂತಿದ್ದ ಕೋಣೆಯ ನೆಲದ ಮೇಲೆ ಒಂದು ರಬ್ಬರ್ ಹಾಸು ಇತ್ತು, ಅದರ ಮುಂಭಾಗದಲ್ಲಿ ಬಿಳಿಯ ಕಲೆಗಳು. ಪಕ್ಕದಲ್ಲಿ ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬಿಗಿಸುವ ಟ್ರೇನರ್ ಯಂತ್ರ, ಎದುರಿಗೆ ಗೋಡೆಗೆ ಟಿವಿ. 2020ರ ಲಾಕ್‌ಡೌನಿನಲ್ಲಿ ಜಿಮ್ಮು ಮುಚ್ಚಿ, ರಸ್ತೆ ಖಾಲಿಯಾಗಿ, ಊರಿಗೆಲ್ಲ ಸೈಕಲ್ಲಿನ ಹುಚ್ಚು ಹಿಡಿದದ್ದು ನೆನಪಿರಬಹುದು. ಅಂಗಡಿಗಳಲ್ಲಿ ಸ್ಟಾಕಿಲ್ಲದೆ ಜನ ಮುಂಗಡ ಕೊಟ್ಟು ತಿಂಗಳುಗಟ್ಟಲೆ ಕಾದರು. ಆಗ ಕೊಂಡ ಎಷ್ಟೋ ಸೈಕಲ್ಲುಗಳು ಓಡಿದ್ದು ಮನೆಯೊಳಗೆ, ಒಂದಿಂಚೂ ಮುಂದಕ್ಕೆ ಹೋಗದೆ. ಫ್ಯಾನಿನಡಿ ಒಂದು ಗಂಟೆ ತುಳಿದವರ ಬೆವರು ಹಣೆಯಿಂದ ನೇರ ಬೀಳುವುದು ಹ್ಯಾಂಡಲ್ಲಿನ ಮೇಲೆ. ರಸ್ತೆಯಲ್ಲಾದರೆ ಗಾಳಿಗೆ ಆರಿಹೋಗುತ್ತದೆ. ಒಳಗೆ ಉಪ್ಪುನೀರಾಗಿ ಬೋಲ್ಟಿನ ಸಂದಿಗೆ, ಟೇಪಿನಡಿಗೆ ಇಳಿಯುತ್ತದೆ.

ಅನುಮತಿ ಕೇಳಿ ಹ್ಯಾಂಡಲ್ಲಿನ ಟೇಪನ್ನು ತುದಿಯಿಂದ ನಾಲ್ಕು ಬೆರಳಿನಷ್ಟು ಬಿಚ್ಚಿದೆ. ಒಳಗಿನ ಅಲ್ಯೂಮಿನಿಯಂ ಕೊಳವೆಯ ಮೇಲೆ ಬಿಳಿ ಬಿಳಿ ಪುಡಿ. ಉಗುರಿನಿಂದ ಕೆರೆದರೆ ಅದರಡಿ ಸಾಸಿವೆ ಗಾತ್ರದ ಕುಳಿಗಳು. ಹ್ಯಾಂಡಲ್ ಹಿಡಿದಿರುವ ನಾಲ್ಕು ಬೋಲ್ಟುಗಳ ತಲೆ ಕೆಂಪು ತಿರುಗಿದ್ದವು. ಹ್ಯಾಂಡಲ್ಲು ಒಳಗೊಳಗೇ ತಿಂದುಹೋಗಿದ್ದರೆ ಇಳಿಜಾರಿನಲ್ಲಿ, ಕೈಯ ಭಾರವೆಲ್ಲ ಅದರ ಮೇಲಿರುವಾಗ, ಮುರಿಯುತ್ತದೆ. ಮಾರುವವರಿಗೆ ಇದು ನಿಜಕ್ಕೂ ಗೊತ್ತಿರಲಿಲ್ಲ. ಅವರೂ ಬಗ್ಗಿ ನೋಡಿ ‘ಅಯ್ಯೋ’ ಎಂದರು. ಫ್ರೇಮಿಗೆ ಏನಾಗಿದೆ ಎಂದು ಹೇಳುವ ಧೈರ್ಯ ನನಗೂ ಇಲ್ಲ. ನಾಣ್ಯದಿಂದ ಕಾರ್ಬನ್ನನ್ನು ತಟ್ಟುತ್ತ ಹೋಗಿ, ‘ಟಕ್ ಟಕ್’ ಎನ್ನುವುದು ಎಲ್ಲಾದರೂ ‘ಡಬ್’ ಎಂದರೆ ಒಳಪದರ ಬಿಟ್ಟಿದೆ ಎನ್ನುತ್ತಾರೆ. ತಟ್ಟಿದೆ, ಎಲ್ಲೂ ಡಬ್ ಎನ್ನಲಿಲ್ಲ. ಆದರೆ ಅದು ಪೂರಾ ನಂಬುವ ಪರೀಕ್ಷೆಯೂ ಅಲ್ಲ. ಲೋಹವಾದರೆ ಬಾಗುತ್ತದೆ, ಬಣ್ಣ ಸುಕ್ಕಾಗುತ್ತದೆ, ಬೆಸುಗೆಯ ಬಳಿ ಗೆರೆ ಕಾಣುತ್ತದೆ. ಕಾರ್ಬನ್ನು ಹೊರಗೆ ನಗುತ್ತಲೇ ಒಳಗೆ ಸೀಳಿರಬಹುದು. ಮೊದಲ ಸೈಕಲ್ಲಿಗೇ ಹಳೇ ಕಾರ್ಬನ್ ಬೇಡ ಎಂಬುದು ನನ್ನ ಮತ. ಕೂತು ನೋಡಿಬಿಡುತ್ತೇನೆ ಎಂದು ಅವಳು ಹತ್ತಿದಳು. 54ರ ಫ್ರೇಮು, ತೋಳು ಸೆಟೆದುಕೊಂಡಿತು, ಬೆರಳುಗಳು ಬ್ರೇಕಿನ ಲಿವರಿಗೆ ಅರ್ಧ ಮಾತ್ರ ಮುಟ್ಟಿದವು. ‘ಹ್ಯಾಂಡಲ್ ಹಿಡಿಯೋ ಸ್ಟೆಮ್ ಚಿಕ್ಕದು ಹಾಕಿಸಿದ್ರೆ ಸರಿಹೋಗುತ್ತೆ’ ಎಂದರು ಅವರು. ಒಂದು ಸೆಂಟಿಮೀಟರಿನ ಕೊರತೆಗೆ ಅದು ಮದ್ದು, ಎರಡು ಸೈಜಿನ ಕೊರತೆಗಲ್ಲ.

ಎರಡನೆಯದು ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯಿಂದ ಒಳಕ್ಕೆ ಹೋದರೆ ಸಿಗುವ ಹಳೇ ಮನೆ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು ಬಾಗಿಲಲ್ಲೇ ಕಾಯುತ್ತಿದ್ದರು. ಸೈಕಲ್ಲು ಮಗನದು, ಮಗ ಕೆನಡಾದಲ್ಲಿ. ‘ಕಾಫಿ ಕುಡಿದು ನೋಡೋಣ್ವಾ, ನೋಡಿ ಕುಡಿಯೋಣ್ವಾ?’ ಎಂದರು. ಮೇಲಿನ ಬಾಲ್ಕನಿಯಲ್ಲಿ ಹಳೇ ಪಂಚೆ ಹೊದ್ದು ನಿಂತಿತ್ತು. ಪಂಚೆ ತೆಗೆದರೆ ಕಡುನೀಲಿ ಅಲ್ಯೂಮಿನಿಯಂ ಫ್ರೇಮು, 49ರ ಅಳತೆ, ಮುಂದೆ 50-34, ಹಿಂದೆ ಒಂಬತ್ತು ಚಕ್ರ, ದೊಡ್ಡದಕ್ಕೆ 32 ಹಲ್ಲು. ರಿಮ್ಮನ್ನೇ ಹಿಡಿಯುವ ಬ್ರೇಕು. ಅವಳು ನನ್ನ ಮುಖ ನೋಡಿದಳು. ನಾನು ಮುಖದಲ್ಲಿ ಏನೂ ತೋರಿಸಲಿಲ್ಲ.

ಡಿಸ್ಕ್ ಬ್ರೇಕು ಬಂದ ಮೇಲೆ ರಿಮ್ ಬ್ರೇಕಿನವಕ್ಕೆ ಗಿರಾಕಿ ಕಡಿಮೆ. ಹೊಸಬರ ಪಾಲಿಗೆ ಇದು ಲಾಭವೇ. ಅದರಲ್ಲಿ ಎಣ್ಣೆಯಿಲ್ಲ, ಗಾಳಿ ತೆಗೆಯುವ ಕೆಲಸವಿಲ್ಲ. ಕೇಬಲ್ಲು, ಎರಡು ಜೊತೆ ಬ್ರೇಕ್ ಶೂ, ಮುಗಿಯಿತು. ನೋಡಬೇಕಾದ್ದು ಒಂದೇ. ಶೂ ಉಜ್ಜುವ ಜಾಗದಲ್ಲಿ ರಿಮ್ಮಿಗೆ ಸಣ್ಣ ಗೀರೋ ಗುಂಡಿಯೋ ಕೊರೆದಿರುತ್ತದೆ, ಅದು ಅಳಿಸಿಹೋಗಿದ್ದರೆ ಅಥವಾ ರಿಮ್ಮಿನ ಕೆನ್ನೆ ಒಳಕ್ಕೆ ಕುಳಿಬಿದ್ದಿದ್ದರೆ ಗಾಲಿಯ ಆಯುಷ್ಯ ಮುಗಿದಂತೆ. ಇಲ್ಲಿ ಗೀರು ಹೊಸದಾಗಿಯೇ ಇತ್ತು.

ಟೈರು ಮಾತ್ರ ನೋಡುವಂತಿರಲಿಲ್ಲ. ಮೇಲ್ಮೈಯ ಗೆರೆಯೂ ಸವೆದಿಲ್ಲ, ಆದರೆ ಪಕ್ಕದ ಗೋಡೆಯ ತುಂಬ ಬಿರುಕು. ಹೆಬ್ಬೆರಳಿನಿಂದ ಒತ್ತಿದರೆ ಬಿರುಕು ಬಾಯಿಬಿಟ್ಟು ಒಳಗಿನ ನೂಲು ಕಂಡಿತು. ಪಶ್ಚಿಮದ ಬಿಸಿಲು ನೇರ ಬೀಳುವ ಬಾಲ್ಕನಿ. ಚೈನು ಕಂದಿತ್ತು. ಕೊನೆಗೆ ಬಲಗೈಯ ಗೇರಿನ ಲಿವರು ಒತ್ತಿ ನೋಡಿದೆ. ಏನೂ ಇಲ್ಲ. ಒತ್ತಿದಷ್ಟೂ ಹೋಗುತ್ತದೆ, ಬಿಟ್ಟರೆ ಬರುತ್ತದೆ, ಒಳಗೆ ಯಾವುದೂ ಕಚ್ಚುವುದಿಲ್ಲ.

‘ಅದು ಕೆಟ್ಟಿದೆ ಅಂತ ಮಗ ಹೇಳಿದ್ದ’ ಎಂದರು ಹಿರಿಯರು, ಮುಚ್ಚಿಡದೆ. ಆಮೇಲೆ ಒಳಗಿನಿಂದ ಪ್ಲಾಸ್ಟಿಕ್ ಫೈಲು ತಂದರು. ಅದರಲ್ಲಿ ಅಂಗಡಿಯ ಬಿಲ್ಲು, 62 ಸಾವಿರ. ಕೇಳುತ್ತಿದ್ದ ಬೆಲೆ 28 ಸಾವಿರ. ಬಿಲ್ಲಿನ ಮೊತ್ತ ತೋರಿಸಿ ಬೆಲೆ ಕಟ್ಟುವವರಿಗೆ ಹೇಳಬೇಕಾದ ಮಾತೊಂದಿದೆ: ಸೈಕಲ್ಲಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ. ಹಳೇ ಬಿಲ್ಲಿನಲ್ಲಿ ಹಳೇ ತೆರಿಗೆಯೂ ಸೇರಿರುತ್ತದೆ. ಆದರೆ ಬಿಲ್ಲಿನ ನಿಜವಾದ ಉಪಯೋಗ ಬೇರೆಯೇ. ಸೈಕಲ್ಲಿಗೆ ಆರ್‌ಸಿ ಪುಸ್ತಕವಿಲ್ಲ, ನಂಬರ್ ಪ್ಲೇಟಿಲ್ಲ. ಇರುವುದು ಫ್ರೇಮಿನ ನಂಬರು ಒಂದೇ, ಅದೂ ಹೆಚ್ಚಿನವುಗಳಲ್ಲಿ ಪೆಡಲಿನ ಕೈಗಳ ನಡು ಅಚ್ಚಿನ ಕೆಳಗೆ, ತಲೆಕೆಳಗು ಮಾಡಿದರೆ ಕಾಣುವಂತೆ. ದುಬಾರಿ ಸೈಕಲ್ಲು ಬೇಸ್‌ಮೆಂಟಿನಿಂದ ಮಾಯವಾಗುವುದು ಈ ಊರಿನಲ್ಲಿ ಹೊಸದಲ್ಲ. ಸೈಕಲ್ಲನ್ನು ಸೀಟಿನ ಮೇಲೆ ಮಗುಚಿ, ಮಣ್ಣು ಒರೆಸಿ, ಅವಳು ಒಂದೊಂದೇ ಅಂಕಿ ಓದಿದಳು, ಹಿರಿಯರು ಕನ್ನಡಕ ಹಾಕಿಕೊಂಡು ಬಿಲ್ಲಿನಲ್ಲಿ ಬೆರಳಿಟ್ಟು ಹೂಂಗುಟ್ಟಿದರು. ಹೊಂದಿತು.

ಮೆಕ್ಯಾನಿಕ್ಕಿಗೆ ತೋರಿಸಬಹುದೇ ಎಂದೆ. ‘ಧಾರಾಳವಾಗಿ. ನಾನೂ ಬರ್ತೀನಿ, ಮಗನಿಗೆ ವರದಿ ಒಪ್ಪಿಸಬೇಕಲ್ಲ’ ಎಂದು ಚಪ್ಪಲಿ ಮೆಟ್ಟಿದರು. ಮುಂದಿನ ಗಾಲಿ ಬಿಚ್ಚಿ ಕಾರಿನ ಹಿಂದಿನ ಸೀಟಿಗೆ ಏರಿಸಿದೆವು. ಕ್ವಿಕ್ ರಿಲೀಸ್ ಲಿವರು ಎತ್ತಿದರೆ ಗಾಲಿ ಕಳಚಿ ಬರುವುದನ್ನು ನೋಡಿ ಅವರಿಗೆ ಆಶ್ಚರ್ಯ. ಅಷ್ಟು ವರ್ಷ ಮನೆಯಲ್ಲಿದ್ದ ಸೈಕಲ್ಲು!

ರಾಜಾಜಿನಗರದ ಅಡ್ಡರಸ್ತೆಯಲ್ಲಿರುವ ಆ ವರ್ಕ್‌ಶಾಪು ಒಂದು ಕಾರಿನ ಗ್ಯಾರೇಜಿನಷ್ಟೂ ಅಗಲವಿಲ್ಲ. ಮೆಕ್ಯಾನಿಕ್ಕು ಜಮಖಂಡಿಯ ಕಡೆಯವನು. ಆ ಸೀಮೆಯಲ್ಲಿ, ಬಾಗಲಕೋಟೆ ವಿಜಯಪುರ ಜಿಲ್ಲೆಗಳಲ್ಲಿ, ಜಾತ್ರೆ ಬಂತೆಂದರೆ ಸೈಕಲ್ ಓಟದ ಸ್ಪರ್ಧೆ ಇರಲೇಬೇಕು. ರಾಜ್ಯದ ಸೈಕ್ಲಿಂಗ್ ತಂಡಕ್ಕೆ ಮಕ್ಕಳನ್ನು ಕೊಟ್ಟ ಊರುಗಳವು, ವಿಜಯಪುರದಲ್ಲಿ ಸೈಕ್ಲಿಂಗಿಗೆಂದೇ ಕ್ರೀಡಾನಿಲಯವಿದೆ. ಇವನೂ ಹುಡುಗನಾಗಿದ್ದಾಗ ಜಾತ್ರೆಯಲ್ಲಿ ಓಡಿದವನೇ. ಭಾನುವಾರ ಅವನ ಅಂಗಡಿಗೆ ರಜೆಯಿಲ್ಲ, ಬೆಟ್ಟಕ್ಕೆ ಹೋದವರೆಲ್ಲ ಮಧ್ಯಾಹ್ನ ಇಲ್ಲಿಗೇ ಬರಬೇಕಲ್ಲ.

ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸುವ ಮೊದಲು ನೆಲದ ಮೇಲೇ ನಿಲ್ಲಿಸಿ, ಮುಂದಿನ ಬ್ರೇಕು ಹಿಡಿದು ಹಿಂದೆ ಮುಂದೆ ಜಗ್ಗಿದ. ಫೋರ್ಕಿನ ಬುಡದಲ್ಲಿ ಬೆರಳಿಟ್ಟಿದ್ದ. ‘ಆಟ ಇಲ್ರಿ’ ಎಂದ. ಪೆಡಲಿನ ಕೈಗಳನ್ನು ಎರಡೂ ಬದಿಗೆ ಅಲ್ಲಾಡಿಸಿದ, ಅಲ್ಲೂ ಆಟವಿಲ್ಲ. ಗಾಲಿ ತಿರುಗಿಸಿ ಬ್ರೇಕ್ ಶೂವಿಗೂ ರಿಮ್ಮಿಗೂ ನಡುವಿನ ಸಂದಿ ನೋಡಿದ. ಹಿಂದಿನದರಲ್ಲಿ ಸ್ವಲ್ಪ ಬೆಂಡು. ಕಡ್ಡಿಗಳನ್ನು ಎರಡೆರಡಾಗಿ ಚಿವುಟುತ್ತ ಹೋದ. ಸಡಿಲವಾದದ್ದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಮೊಬೈಲಿನ ಟಾರ್ಚು ಹಿಡಿದು ಡೌನ್‌ಟ್ಯೂಬಿನ ಕೆಳಮೈಯನ್ನು, ಅದು ಹ್ಯಾಂಡಲ್ಲಿನ ಕೊಳವೆಗೆ ಸೇರುವ ಜಾಗದಲ್ಲಿ, ಬಹಳ ಹೊತ್ತು ನೋಡಿದ. ಎದುರಿನಿಂದ ಗುದ್ದಿಸಿಕೊಂಡ ಸೈಕಲ್ಲಿನಲ್ಲಿ ಬಣ್ಣ ಅಲ್ಲೇ ಸುಕ್ಕುಗಟ್ಟುವುದು. ಒಂದು ಗೆರೆ ಇತ್ತು. ಉಗುರು ಎಳೆದು ನೋಡಿದ. ಉಗುರು ಸಿಕ್ಕಿಕೊಳ್ಳಲಿಲ್ಲ. ಅವಳ ಕೈಯಿಂದಲೂ ಎಳೆಸಿದ. ‘ಕೇಬಲ್ ತಿಕ್ಕಿದ ಗುರುತ್ರಿ ಇದು. ಸೀಳಿದ್ರ ಉಗುರು ನಿಲ್ತೈತಿ.’

ಸೀಟಿನ ಕೋಲು ಬಿಡಿಸಲು ಮಾತ್ರ ಬೆವರು ಹರಿಸಬೇಕಾಯಿತು. ವರ್ಷಗಟ್ಟಲೆ ಅಲುಗಾಡಿಸದ ಕೋಲು ಫ್ರೇಮಿನೊಳಗೆ ಕಚ್ಚಿಕೊಂಡುಬಿಡುತ್ತದೆ. ಎತ್ತರ ಬದಲಾಯಿಸಲು ಬಾರದ ಸೈಕಲ್ಲು ಎಷ್ಟು ಅಗ್ಗಕ್ಕೆ ಸಿಕ್ಕರೂ ದಂಡ. ಬೋಲ್ಟು ಸಡಿಲಿಸಿ, ಎಣ್ಣೆ ಬಿಟ್ಟು, ಸೀಟು ಹಿಡಿದು ತಿರುವಿದ. ಕಿರ್ರೆಂದು ಕೂಗಿ ಕೊನೆಗೆ ಬಂತು.

ಚೈನಿನ ಸರದಿ. ಅದಕ್ಕೆಂದೇ ಅಳತೆಗೋಲುಗಳು ಬರುತ್ತವೆ, ಇವನದು ಶಾಲೆಯ ಮಕ್ಕಳ ಸ್ಟೀಲ್ ಸ್ಕೇಲು. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟರೆ ಹನ್ನೆರಡು ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡು ಬರಬೇಕು. ಅರ್ಧ ನೂಲು ದಾಟಿದರೆ ಚೈನು ಬದಲಾಯಿಸಬೇಕು, ಒಂದು ನೂಲು ದಾಟಿದರೆ ಅದರ ಜೊತೆ ಕ್ಯಾಸೆಟ್ಟೂ ಹೋದಂತೆಯೇ. ನಮ್ಮದು ಕೂದಲೆಳೆಯಷ್ಟೂ ದಾಟಿರಲಿಲ್ಲ. ‘ಹಂಗಂದ್ರ ಚೈನ್ ಚಲೋ ಐತಾ?’ ಎಂದು ಅವಳು ಅವನದೇ ಧಾಟಿಯಲ್ಲಿ ಕೇಳಿದಳು. ಅವನು ನಕ್ಕು ಚೈನನ್ನು ಕೈಯಲ್ಲಿ ಬಾಗಿಸಿದ. ನಡುನಡುವೆ ಕೊಂಡಿಗಳು ಬಾಗದೆ ಕೋಲಿನಂತೆ ನಿಂತವು.

‘ಸವದಿಲ್ರಿ ಅಕ್ಕಾರ, ತುಕ್ಕ ಹಿಡದೈತಿ. ಅದನ್ನ ನೋಡ್ರಿ’ ಎಂದು ಪಕ್ಕದ ಕೊಕ್ಕೆಗೆ ತೂಗುಹಾಕಿದ್ದ ಸೈಕಲ್ಲನ್ನು ತೋರಿಸಿದ. ಬಣ್ಣ ಎಲ್ಲೆಂದರಲ್ಲಿ ಕಿತ್ತ, ಸೀಟು ಹರಿದ ಸೈಕಲ್ಲು. ಅದರ ಒಡೆಯರು ಬ್ರೆವೆ ಓಡಿಸುವವರು: 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 600ನ್ನು ನಲವತ್ತು ಗಂಟೆಯಲ್ಲಿ ಮುಗಿಸಬೇಕಾದ ದೂರದ ಸವಾರಿ. ಅದರ ಚೈನಿಗೆ ಸ್ಕೇಲು ಹಿಡಿದರೆ ಒಂದು ನೂಲಿಗೂ ಹೆಚ್ಚು. ಆದರೆ ಗಾಲಿಗೆ ಬೆರಳು ತಾಗಿಸಿ ಬಿಟ್ಟ. ನಾವು ನಾಲ್ಕು ಮಾತಾಡಿ ಮುಗಿಸಿದರೂ ಸದ್ದಿಲ್ಲದೆ ತಿರುಗುತ್ತಲೇ ಇತ್ತು. ‘ಇದರೊಳಗ ಸವದದ್ದೆಲ್ಲಾ ಕಣ್ಣಿಗೆ ಕಾಣ್ತೈತ್ರಿ, ತಗದ ಹೊಸಾದ್ ಹಾಕೂದು. ನಿಂತ ಸೈಕಲ್ ಹಂಗಲ್ಲ, ಏನ್ ಕೆಟ್ಟೈತಿ ಅಂತ ಹುಡುಕ್ಬೇಕು.’ ನನ್ನ ಅನುಭವವೂ ಇದನ್ನೇ ಹೇಳುತ್ತದೆ. ‘ಹೆಚ್ಚು ಓಡಿಸಿಲ್ಲ’ ಎಂಬುದನ್ನು ಮಾರುವವರು ಹೊಗಳಿಕೆಯಾಗಿ ಹೇಳುತ್ತಾರೆ, ಕೊಳ್ಳುವವರು ಅದಕ್ಕೆ ಎರಡು ಸಾವಿರ ಹೆಚ್ಚಿಗೆ ಕೊಡುತ್ತಾರೆ. ವಾರವಾರ ಓಡಿ, ವರ್ಷಕ್ಕೊಮ್ಮೆ ಮೆಕ್ಯಾನಿಕ್ಕಿನ ಕೈಗೆ ಬಿದ್ದ ಸೈಕಲ್ಲಿನಷ್ಟು ಭರವಸೆ ಬಾಲ್ಕನಿಯ ಸೈಕಲ್ಲಿನ ಮೇಲೆ ಇಡಲಾಗದು. ಬ್ರೆವೆ ಸೈಕಲ್ಲು ಮಾರಾಟಕ್ಕಿದೆಯೇ ಎಂದು ಅವಳು ಕೇಳಿಯೂ ಕೇಳಿದಳು. ಇತ್ತು, ಆದರೆ 56.

ಇನ್ನು ಆ ಸತ್ತ ಲಿವರು. ಹೊಸ ಜೋಡಿ ಹಾಕಿಸಿದರೆ ಸೈಕಲ್ಲಿನ ಬೆಲೆಯ ದೊಡ್ಡ ಪಾಲು ಅದಕ್ಕೇ ಬೇಕು. ಎಷ್ಟೋ ಮಂದಿ ಇದೊಂದೇ ಕಾರಣಕ್ಕೆ ಒಳ್ಳೆಯ ಸೈಕಲ್ಲನ್ನು ಬೇಡವೆನ್ನುತ್ತಾರೆ. ಲಿವರಿನೊಳಗೆ ಹಲ್ಲಿಗೆ ಕಚ್ಚುವ ಸಣ್ಣ ಕೊಕ್ಕೆಗಳಿವೆ, ಕೂದಲಿನಂಥ ಸ್ಪ್ರಿಂಗು ಅವನ್ನು ತಳ್ಳುತ್ತದೆ. ಬಳಸದೆ ಬಿಟ್ಟರೆ ಕಾರ್ಖಾನೆಯಲ್ಲಿ ಹಚ್ಚಿದ ಗ್ರೀಸು ಒಣಗಿ ಮೇಣವಾಗಿ ಕೊಕ್ಕೆ ಕುಳಿತಲ್ಲೇ ಕುಳಿತುಬಿಡುತ್ತದೆ. ಮುರಿದಿರುವುದಿಲ್ಲ, ಅಂಟಿರುತ್ತದೆ. ಅವನು ಲಿವರಿನ ರಬ್ಬರನ್ನು ಹಿಂದಕ್ಕೆ ಮಡಿಸಿ, ಕೆಳಗೊಂದು ಹಳೇ ಬನಿಯನ್ನು ಹಾಸಿ, ಸ್ಪ್ರೇ ಕ್ಯಾನಿನ ಕೆಂಪು ಕೊಳವೆಯನ್ನು ಸಂದಿಗೆ ತೂರಿಸಿ ಒತ್ತಿದ. ಹಳದಿ ಬಣ್ಣದ ಕೊಳೆ ಸೋರಿತು. ಲಿವರನ್ನು ಒತ್ತುವುದು, ಬಿಡುವುದು, ಒತ್ತುವುದು. ಮತ್ತೆ ಸ್ಪ್ರೇ. ಹಿರಿಯರು ಸ್ಟೂಲಿನಿಂದೆದ್ದು ಹತ್ತಿರ ಬಂದರು. ಸೋರುವ ಕೊಳೆ ಹಳದಿಯಿಂದ ತಿಳಿಯಾಯಿತು, ಬನಿಯನ್ನು ನೆನೆದುಹೋಯಿತು. ಒತ್ತುವ ಕೆಲಸವನ್ನು ಅವನು ಅವಳಿಗೆ ವಹಿಸಿ ಟೀ ಕುಡಿದು ಬಂದ. ಅವಳ ಹೆಬ್ಬೆರಳು ಕೆಂಪಾಗುವಷ್ಟರಲ್ಲಿ ಒಳಗೆಲ್ಲೋ ‘ಕಟ್’ ಎಂದಿತು. ಇನ್ನೊಮ್ಮೆ ಒತ್ತಿದಳು, ಇಲ್ಲ. ಮತ್ತೊಮ್ಮೆ, ‘ಕಟ್’. ಆಮೇಲೆ ಸಾಲಾಗಿ ಕಟ್, ಕಟ್, ಕಟ್. ಸ್ಪ್ರೇ ಹಳೇ ಗ್ರೀಸನ್ನೆಲ್ಲ ತೊಳೆದುಬಿಡುವುದರಿಂದ ಕೊನೆಗೆ ತೆಳು ಎಣ್ಣೆ ಬಿಡಲೇಬೇಕು, ಇಲ್ಲದಿದ್ದರೆ ಒಳಗಿನ ಲೋಹ ಲೋಹಕ್ಕೆ ಉಜ್ಜುತ್ತದೆ. ಮನೆಯಲ್ಲಿ ಮಾಡುವವರು ಮರೆಯುವುದು ಈ ಕೆಲಸವನ್ನೇ.

ಸೀಟನ್ನು 65ಕ್ಕೆ ಇಳಿಸಿ, ಅಂಗಡಿಯ ಹಳೇ ಟೈರು ಹಾಕಿ ಅಡ್ಡರಸ್ತೆಗೆ ಕಳಿಸಿದೆವು. ಮೊದಲ ಸುತ್ತಿನಲ್ಲಿ ಭುಜ ಕಿವಿಗೆ ಏರಿಸಿಕೊಂಡು, ಹ್ಯಾಂಡಲ್ಲನ್ನು ಬಸ್ಸಿನ ಕಂಬಿಯಂತೆ ಹಿಡಿದು ಹೋದಳು. ಬಾಗಿದ ಭಾಗ ಸದ್ಯಕ್ಕೆ ಬೇಡ, ಲಿವರಿನ ರಬ್ಬರಿನ ಮೇಲೆ ಅಂಗೈ ಇಡು, ಮೊಣಕೈ ಸಡಿಲ ಬಿಡು ಎಂದೆ. ಎರಡನೇ ಸುತ್ತಿಗೆ ಬೆನ್ನು ಸಡಿಲವಾಗಿತ್ತು. ರಸ್ತೆಯ ಕೊನೆಯಲ್ಲಿ ಗಿರಕಿ ತಿರುಗುವಾಗ ಮುಂದಿನ ಗಾಲಿ ಶೂವಿನ ತುದಿಗೆ ತಾಗಿ ತಡವರಿಸಿದಳು. ಸಣ್ಣ ಫ್ರೇಮುಗಳಲ್ಲಿ ಇದು ಸಾಮಾನ್ಯ. ನಿಧಾನಕ್ಕೆ ತಿರುಗುವಾಗ ಹೊರಬದಿಯ ಕಾಲನ್ನು ಮುಂದಕ್ಕೆ ಇಡದಿದ್ದರಾಯಿತು. ವೇಗದಲ್ಲಿ ಹ್ಯಾಂಡಲ್ಲು ಅಷ್ಟು ತಿರುಗುವುದೇ ಇಲ್ಲ.

ಕೊನೆಗೆ ಲೆಕ್ಕ. ಮೆಕ್ಯಾನಿಕ್ಕು ರಟ್ಟಿನ ಡಬ್ಬದ ಮೇಲೆ ಬರೆದ: ಟೈರು ಎರಡು 3,600, ಟ್ಯೂಬು 700, ಚೈನು 1,700, ಕೇಬಲ್ಲು ಮತ್ತು ಅದರ ಹೊರಕವಚ 900, ಹ್ಯಾಂಡಲ್ ಟೇಪು 700, ಬ್ರೇಕ್ ಶೂ 600, ಕೂಲಿ 1,500. ಒಟ್ಟು 9,700. ಅವಳು 20 ಸಾವಿರಕ್ಕೆ ಕೇಳಿದಳು. ಹಿರಿಯರು ತಲೆಯಾಡಿಸಿದರು. ಲಿವರು ಕೆಟ್ಟಿದೆಯೆಂದು ಬೆಲೆ ಇಳಿಸಿದ್ದೆ, ಈಗ ಸರಿಹೋಯಿತಲ್ಲ ಎಂದು ಬ್ಯಾಂಕಿನವರ ವಾದ ಮುಂದಿಟ್ಟರು. ‘ಸರಿಮಾಡಿದ್ದು ನನ್ನ ಹೆಬ್ಬೆರಳು, ಅಂಕಲ್’ ಎಂದಳು ಇವಳು. ಮೆಕ್ಯಾನಿಕ್ಕು ಯಾರ ಕಡೆಯೂ ಸೇರದೆ ಕಡ್ಡಿ ಬಿಗಿಯುತ್ತ ಕುಳಿತ. ವಾದ 22,500ಕ್ಕೆ ನಿಂತಿತು. ರಿಪೇರಿ ಸೇರಿ 32,200. ಉಳಿದದ್ದು ಹೆಲ್ಮೆಟ್ಟಿಗೂ ಪಂಪಿಗೂ ಸಾಕು.

ಬಿಲ್ಲಿನ ಹಿಂಬದಿಯಲ್ಲಿ ಫ್ರೇಮಿನ ನಂಬರು, ಕೊಟ್ಟವರು, ಕೊಂಡವರು, ಮೊತ್ತ, ತಾರೀಕು ಬರೆಸಿ ಇಬ್ಬರಿಂದಲೂ ಸಹಿ ಹಾಕಿಸಿದೆ. ಹಿರಿಯರು ಸಹಿಯ ಕೆಳಗೆ ಗೆರೆಯನ್ನೂ ಎಳೆದರು. ಟ್ಯೂಬಿನ ವಾಲ್ವು ಪ್ರೆಸ್ಟಾ, ಪಂಚರ್ ಅಂಗಡಿಯ ಪಂಪಿಗೆ ಕೂರುವುದಿಲ್ಲ. ಅದಕ್ಕೊಂದು ಹಿತ್ತಾಳೆಯ ಅಡಾಪ್ಟರನ್ನು ಮೆಕ್ಯಾನಿಕ್ಕು ಪುಕ್ಕಟೆ ಕೊಟ್ಟ. ಬುಧವಾರ ಬಂದು ಒಯ್ಯಿರಿ, ಹೊಸ ಕೇಬಲ್ಲು ಒಂದೆರಡು ವಾರದಲ್ಲಿ ಸಡಿಲ ಬಿಡುತ್ತದೆ, ಗೇರು ತಪ್ಪಿದರೆ ಗಾಬರಿಯಾಗದೆ ತನ್ನಿ, ಅದಕ್ಕೆ ದುಡ್ಡಿಲ್ಲ ಎಂದ. ಪೆಡಲು ಕ್ಲಿಪ್ಪಿನದು, ಶೂ ಕಚ್ಚಿಕೊಳ್ಳುವಂಥದು. ಕಲಿಯುವವಳಿಗೆ ಬೇಡವೆಂದು ಬಿಚ್ಚತೊಡಗಿದ. ಎಡಗಡೆಯದಕ್ಕೆ ಮರೆ ಉಲ್ಟಾ, ಬಲಕ್ಕೆ ತಿರುವಿದರೆ ಬಿಚ್ಚುತ್ತದೆ ಎಂಬುದನ್ನು ಅವಳಿಂದಲೇ ಮಾಡಿಸಿ ತೋರಿಸಿದ. ಬಿಚ್ಚಿದ ಪೆಡಲುಗಳನ್ನು ಕೈಗೆ ತೆಗೆದುಕೊಂಡ ಹಿರಿಯರು ತೂಗಿ ನೋಡಿದರು.

‘ಇದರದ್ದೇ ಶೂ ಒಂದು ಜೊತೆ ಮನೇಲಿದೆಯಪ್ಪ. ಅದಕ್ಕೂ ಯಾರಾದ್ರೂ ದುಡ್ಡು ಕೊಡ್ತಾರಾ?’

‘ಕೊಡ್ತಾರ್ರಿ’ ಎಂದ ಮೆಕ್ಯಾನಿಕ್ಕು. ‘ಸೈಜ್ ಎಷ್ಟ್ರಿ?’